ಸರೋವರದ ತಡಿಯ ವಿದ್ಯಾಲಯ

1842ನೆಯ ಇಸವಿ ನವೆಂಬರ್ 26. ಅಮೆರಿಕ ದೇಶದ ಇಂಡಿಯಾನಾ ರಾಜ್ಯದ ಉತ್ತರ ಭಾಗದಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿತ್ತು. ಇಪ್ಪತ್ತೆಂಟು ವರ್ಷದ ಫ್ರೆಂಚ್ ಪಾದ್ರಿಯೊಬ್ಬರು ಕೆಲವು ಸಂಗಡಿಗರೊಡನೆ ಅಲ್ಲಿಗೆ ಬಂದರು. ಅವರೇ ಎಡ್ವರ್ಡ್ ಸೋರಿನ್. ಅಲ್ಲಿದ್ದ ಎರಡು ಸರೋವರಗಳು ಹಿಮ ಕವಿದು ಒಂದೇ ಆಗಿ ಕಂಡುವೆಂದು ಹೇಳುತ್ತಾರೆ. ಮೇರಿಮಾತೆಯ ಹೆಸರಿನಲ್ಲಿ ಅವರು ಆ ತಾಣವನ್ನು ‘ಸರೋವರದ ಮಾತೆ’ ಎಂಬರ್ಥದ ಫ್ರೆಂಚ್ ನುಡಿಯಿಂದ ಕರೆದರು. ಅಮೆರಿಕನ್ನರ ನಾಲಗೆಯಲ್ಲಿ ಅದು ‘ನೋಟರ್ ಡೇಮ್’ ಆಯಿತು.

ಸೋರಿನ್ ಅವರು 1814ರ ಫೆಬ್ರವರಿ 6ರಂದು ಫ್ರಾನ್ಸಿನ ಲಾವಾಲ್ ಪಟ್ಟಣದ ಸಮೀಪದಲ್ಲಿ ಜನಿಸಿದರು. ಪವಿತ್ರ ಶಿಲುಬೆಯ ಸಂಘವನ್ನು ಸೇರಿ, 1841ರಲ್ಲಿ ಸಮುದ್ರವನ್ನು ದಾಟಿದರು. ಇಂಡಿಯಾನಾದ ದಕ್ಷಿಣದಲ್ಲಿ ಕಾಲೇಜನ್ನು ಕಟ್ಟಬೇಕೆಂಬುದು ಅವರ ಬಯಕೆ. ಅಲ್ಲಿ ಆಗಲೇ ಒಂದಿದ್ದುದರಿಂದ ಬಿಷಪ್ಪರು ಒಪ್ಪದೆ, ಉತ್ತರದಲ್ಲಿ 524 ಎಕರೆ ಭೂಮಿಯನ್ನು ನೀಡಲು ಮುಂದಾದರು. ಎರಡು ವರ್ಷಗಳೊಳಗೆ ಕಾಲೇಜು ಏಳಬೇಕೆಂಬುದು ಷರತ್ತು. ಅದು ಪೊಟವಾಟಮಿ ಎಂಬ ಮೂಲನಿವಾಸಿಗಳ ನಾಡು. 1838ರಲ್ಲಿ ಸರ್ಕಾರವು ಅವರಲ್ಲಿ ಅನೇಕರನ್ನು ಬಲವಂತದಿಂದ ಪಶ್ಚಿಮಕ್ಕೆ ಅಟ್ಟಿತ್ತು. ಅವರ ನಡುವೆ ದುಡಿದ ಪಾದ್ರಿಯೊಬ್ಬರು ಕಟ್ಟಿಸಿದ್ದ ಮರದ ದಿಮ್ಮಿಗಳ ಮನೆಯೊಂದು ಉಳಿದಿತ್ತು. ಹೊಸಬರಿಗೆ ಅದೇ ವಸತಿ, ಅದೇ ಪ್ರಾರ್ಥನಾಮಂದಿರ.

1843ರ ಬೇಸಗೆಯಲ್ಲಿ ಮುಖ್ಯ ಕಟ್ಟಡಕ್ಕೆಂದು ಗೊತ್ತುಮಾಡಿದ್ದ ವಾಸ್ತುಶಿಲ್ಪಿ ಸಕಾಲಕ್ಕೆ ಬರಲಿಲ್ಲ. ಸೋರಿನ್ ಕೈಕಟ್ಟಿ ಕೂರಲಿಲ್ಲ. ಸರೋವರದ ಸುಣ್ಣಮಿಶ್ರಿತ ಜೇಡಿಯಿಂದ ಸುಟ್ಟ ಹಳದಿ ಇಟ್ಟಿಗೆಗಳಲ್ಲಿ ಒಂದು ಚಿಕ್ಕ ಮನೆಯನ್ನು ಎಬ್ಬಿಸಿದರು. ಪಾಠ, ನಿದ್ರೆ, ಅಡುಗೆ ಎಲ್ಲವೂ ಆ ಒಂದೇ ಸೂರಿನಡಿ. ಆ ಮನೆ ಈಗಲೂ ನಿಂತಿದೆ. 1844ರ ಜನವರಿ 15ರಂದು ರಾಜ್ಯದ ಶಾಸನಸಭೆಯು ಇದಕ್ಕೆ ವಿಶ್ವವಿದ್ಯಾಲಯದ ಸನ್ನದನ್ನು ಕೊಟ್ಟಿತು. ಬೆರಳೆಣಿಕೆಯ ಹುಡುಗರಿದ್ದ ಶಾಲೆಗೆ ಎಂಥ ದೊಡ್ಡ ಹೆಸರು!

ಸೋರಿನ್ ಹಟವಾದಿ; ಕೆಲವೊಮ್ಮೆ ದುಡುಕುವವರೂ ಹೌದು. ಸಾಲದ ಹೊರೆಯನ್ನು ಇಳಿಸಲು 1850ರಲ್ಲಿ ಸಂಘದ ಸಹೋದರರನ್ನು ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಹುಡುಕಲು ಕಳುಹಿಸಿದರು. ಚಿನ್ನ ದೊರೆಯಲಿಲ್ಲ, ಹೋದವರಲ್ಲಿ ಒಬ್ಬರು ಹಿಂದಿರುಗಲಿಲ್ಲ. 1854ರ ಸಾಂಕ್ರಾಮಿಕ ರೋಗವು ಆಶ್ರಮದ ಅನೇಕರನ್ನು ಬಲಿ ತೆಗೆದುಕೊಂಡಿತು.

ಇವೆಲ್ಲವನ್ನೂ ಮೀರಿದ ಆಘಾತ 1879ರ ಏಪ್ರಿಲ್ 23ರಂದು ಬಂದಿತು. ಮುಖ್ಯ ಕಟ್ಟಡದ ಮಾಡಿಗೆ ಹತ್ತಿದ ಬೆಂಕಿ ಕೆಲವೇ ತಾಸುಗಳಲ್ಲಿ ಅದನ್ನೂ ನೆರೆಯ ಕಟ್ಟಡಗಳನ್ನೂ ಬೂದಿಮಾಡಿತು. ಯೂರೋಪಿಗೆ ಹೊರಟಿದ್ದ ಸೋರಿನ್ ಸುದ್ದಿ ತಿಳಿದು ಮಾಂಟ್ರಿಯಲ್ ನಗರದಿಂದ ಹಿಂದಿರುಗಿದರು. ಆಗ ಅವರಿಗೆ ಅರವತ್ತೈದು. ಅವಶೇಷಗಳ ನಡುವೆ ಸುತ್ತಾಡಿದ ಬಳಿಕ ಎಲ್ಲರನ್ನೂ ದೇವಾಲಯದಲ್ಲಿ ಸೇರಿಸಿ, ತಮ್ಮ ಕನಸು ತೀರ ಚಿಕ್ಕದಾಗಿತ್ತು, ಇನ್ನು ದೊಡ್ಡದಾಗಿ ಕಟ್ಟೋಣವೆಂದು ಹೇಳಿದರಂತೆ. ಸುಮಾರು 300 ಮಂದಿ ಕೆಲಸಗಾರರು ಬೇಸಗೆಯುದ್ದಕ್ಕೂ ದುಡಿದರು. ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳು ಹೊಸ ಕಟ್ಟಡವನ್ನು ಪ್ರವೇಶಿಸಿದರು. ಗುಮ್ಮಟಕ್ಕೆ ಮಾತ್ರ ಇನ್ನೂ ಕೆಲವು ವರ್ಷಗಳು ಹಿಡಿದುವು. ಅದಕ್ಕೆ ಅಪ್ಪಟ ಚಿನ್ನದ ತಗಡನ್ನೇ ಹೊದಿಸಬೇಕೆಂದು ಸೋರಿನ್ ಪಟ್ಟು ಹಿಡಿದರು; ಹಾಗೆಯೇ ಆಯಿತು.

1893ರ ಅಕ್ಟೋಬರ್ 31ರಂದು ಅವರು ನಿಧನರಾದರು. ಮೊದಲ ದಿನ ಅವರಿಗೆ ಆಸರೆಯಿತ್ತ ಮರದ ಮನೆ 1856ರಲ್ಲಿಯೇ ಸುಟ್ಟುಹೋಗಿತ್ತು. 1906ರಲ್ಲಿ ಅದರ ಪ್ರತಿರೂಪವನ್ನು ಮತ್ತೆ ದಿಮ್ಮಿಗಳಿಂದಲೇ ಕಟ್ಟಿದರು.