ರಮಾಬಾಯಿ ಅರಸಿದ ದೇವರು

ತುಂಗೆಯೂ ಭದ್ರೆಯೂ ಹುಟ್ಟುವ ಗಂಗಾಮೂಲವು ಪಶ್ಚಿಮಘಟ್ಟದ ದಟ್ಟವಾದ ಕಾಡಿನೊಳಗಿದೆ. ಅಲ್ಲಿಯ ಒಂದು ಒಂಟಿ ಮನೆಯಲ್ಲಿ 1858ರ ಏಪ್ರಿಲ್ 23ರಂದು ಜನಿಸಿದ ಹೆಣ್ಣುಮಗು ಮುಂದೆ ಪಂಡಿತಾ ರಮಾಬಾಯಿ ಎಂದು ಲೋಕವಿಖ್ಯಾತರಾದರು. ವಿಧವೆಯರ ಬಂಧುವೆಂದು, ಸಂಸ್ಕೃತ ವಿದುಷಿಯೆಂದು ಅವರನ್ನು ನೆನೆಯುವವರು ಬಹು ಮಂದಿ. ಆದರೆ ಆ ಬಾಳಿನ ಒಳತಿರುಳು ಬೇರೊಂದಿದೆ. ದೇವರ ವಿಷಯವನ್ನು ತಿಳಿಯುವುದು ಒಂದು. ದೇವರನ್ನೇ ಅರಿಯುವುದು ಇನ್ನೊಂದು. ಈ ಎರಡರ ನಡುವಣ ದಾರಿಯನ್ನು ಸವೆಸಲು ರಮಾಬಾಯಿಯವರಿಗೆ ಅರ್ಧ ಆಯುಷ್ಯವೇ ಬೇಕಾಯಿತು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು, ಭಕ್ತರು, ಘನವಿದ್ವಾಂಸರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧಕ್ಕೆ ಗುರಿಯಾಗಿ ಕಾಡನ್ನು ಸೇರಿದ್ದರು. ಮಗು ಆರು ತಿಂಗಳಿನದಾಗಿದ್ದಾಗ ಅದನ್ನು ಬೆತ್ತದ ಬುಟ್ಟಿಯಲ್ಲಿರಿಸಿಕೊಂಡು ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡಿಗೆ, ದೇವಾಲಯದ ಅಂಗಳದಲ್ಲಿ ಪುರಾಣಶ್ರವಣ, ಸಿಕ್ಕ ದಕ್ಷಿಣೆಯಲ್ಲಿ ಜೀವನ—ಹೀಗೆ ವರ್ಷಗಳು ಉರುಳಿದವು. ತಾಯಿಯ ಬಾಯಿಂದ ಕಲಿತ ಭಾಗವತದ ಸಹಸ್ರಾರು ಶ್ಲೋಕಗಳು ಬಾಲಕಿಗೆ ಕಂಠಸ್ಥವಾದವು.

ಬಳಿಕ ಕ್ಷಾಮ ಬಂದಿತು. 1874ರಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಕೆಲವೇ ತಿಂಗಳುಗಳ ಅಂತರದಲ್ಲಿ ಹಸಿವಿನಿಂದ ಕಣ್ಮರೆಯಾದರು. ತಾಯಿಯ ಶವವನ್ನು ಹೊರಲು ಇಬ್ಬರು ಮಾತ್ರ ಮುಂದೆ ಬಂದರು. ಉಳಿದ ಎರಡು ಕಡೆ ಹೆಗಲು ಕೊಡಬೇಕಾದವರು ಮಗ ಶ್ರೀನಿವಾಸ, ಮಗಳು ರಮಾ. ಎತ್ತರ ಸಾಲದ ಆ ಹುಡುಗಿ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದಳು. ತಂದೆಯಾದರೋ ಸಾಯುವ ಮುನ್ನ ಕಿರಿಮಗಳನ್ನು ಬಳಿಗೆ ಕರೆದು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಬಾಳೆಲ್ಲ ಅವನ ಸೇವೆ ಮಾಡಬೇಕೆಂದು ಹೇಳಿದ್ದರು. ಆ ಕೈ ಎಲ್ಲಿದೆ? ಎಷ್ಟು ವ್ರತ, ಎಷ್ಟು ಸ್ನಾನ, ಎಷ್ಟು ದಾನ! ಯಾವುದಕ್ಕೂ ಉತ್ತರ ಬಂದಂತೆ ಆಕೆಗೆ ತೋರಲಿಲ್ಲ.

ಅಣ್ಣತಂಗಿಯರು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆಯನ್ನು ತಲುಪಿದರು. ಅಲ್ಲಿಯ ವಿದ್ವಾಂಸರು ಆ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ 'ಪಂಡಿತಾ', 'ಸರಸ್ವತೀ' ಎಂಬ ಬಿರುದುಗಳನ್ನಿತ್ತರು. ಕೇಶವಚಂದ್ರ ಸೇನರು ವೇದವನ್ನು ಕೈಗಿತ್ತು ಓದೆಂದರು. ಕೀರ್ತಿ ಬಂದಿತು, ಶಾಂತಿ ಬರಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಜಾತಿಯನ್ನು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿಯವರನ್ನು ವರಿಸಿದರು. 1882ರಲ್ಲಿ ಪತಿಯೂ ಕಾಲರಾಕ್ಕೆ ತುತ್ತಾಗಲು, ಶಿಶು ಮನೋರಮೆಯೊಡನೆ ಉಳಿದರು. ಪತಿಯ ಪುಸ್ತಕಗಳ ನಡುವೆ ದೊರೆತ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯು ಮಾತ್ರ ಮನಸ್ಸಿನ ಮೂಲೆಯಲ್ಲಿ ಕುಳಿತಿತ್ತು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಸನ್ಯಾಸಿನಿಯರ ಮಠದಲ್ಲಿ ನೆಲೆಸಿದರು. ದಾರಿ ತಪ್ಪಿದವರೆಂದು ಲೋಕ ದೂಡಿದ ಹೆಂಗಸರನ್ನು ಆ ಸೋದರಿಯರು ಮಮತೆಯಿಂದ ಸಲಹುವುದನ್ನು ಕಂಡು ಕಾರಣ ಕೇಳಿದರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯೇ ಉತ್ತರವಾಗಿ ಬಂದಿತು. ದೇವರ ಆರಾಧನೆ ಈ ಬೆಟ್ಟಕ್ಕೂ ಕಟ್ಟುಬೀಳದು, ಆ ಪಟ್ಟಣಕ್ಕೂ ಕಟ್ಟುಬೀಳದು ಎಂಬುದು ಆ ಪ್ರಸಂಗದ ಸಾರ. ಭರತಖಂಡದ ಕ್ಷೇತ್ರಗಳನ್ನೆಲ್ಲ ಬರಿಗಾಲಲ್ಲಿ ಸುತ್ತಿದವರಿಗೆ ಆ ಮಾತು ಹೇಗೆ ನಾಟಿರಬೇಕೆಂಬುದನ್ನು ಸಹೃದಯರು ಊಹಿಸಬಹುದು. ಆ ವರ್ಷದ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಹೊಂದಿದರು. ಸ್ವದೇಶದಲ್ಲಿ ಅನೇಕ ಮಿತ್ರರು ಇದರಿಂದ ನೊಂದರು.

ಅರಸಾಟ ಅಲ್ಲಿಗೆ ಮುಗಿಯಲಿಲ್ಲವೆಂಬುದೇ ಈ ಚರಿತ್ರೆಯ ವಿಶೇಷ. ಮಠದ ಗುರುಗಳ ಅಧಿಕಾರಕ್ಕೆ ರಮಾಬಾಯಿಯವರು ಕಣ್ಣುಮುಚ್ಚಿ ತಲೆಬಾಗಲಿಲ್ಲ. ತ್ರೈಕ್ಯತತ್ತ್ವವನ್ನು ಕುರಿತು ಸೋದರಿ ಜೆರಾಲ್ಡೀನ್‌ರೊಡನೆ ಪತ್ರಮುಖೇನ ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಿರಬಾರದು ಎಂದು ಕೇಳಿದರು. ಒಬ್ಬ ಪುರೋಹಿತನ ಕೈಯಿಂದ ಬಿಡಿಸಿಕೊಂಡ ಆತ್ಮವನ್ನು ಮತ್ತೊಬ್ಬ ಪುರೋಹಿತನಿಗೆ ಒಪ್ಪಿಸಲು ಅವರು ಸಿದ್ಧರಿರಲಿಲ್ಲ.

ಅಮೆರಿಕದಲ್ಲಿ ನೆರವು ಕೂಡಿಸಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಹೊರಗೆ ಕಾರ್ಯ ಕೈಗೂಡುತ್ತಿದ್ದರೂ ಒಳಗೆ ಬರಿದು. 1891ರಲ್ಲಿ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥೆಯನ್ನು ಓದುತ್ತಿದ್ದಾಗ ಸತ್ಯ ಹೊಳೆಯಿತು: ತಮಗೆ ದೊರೆತದ್ದು ಕ್ರೈಸ್ತಧರ್ಮ; ಕ್ರಿಸ್ತನಿನ್ನೂ ದೊರೆತಿರಲಿಲ್ಲ. ಪಾಂಡಿತ್ಯದ ಗರ್ವವನ್ನೂ ಸ್ವಂತ ಪುಣ್ಯದ ಲೆಕ್ಕವನ್ನೂ ಕೆಳಗಿಟ್ಟು, ಇದ್ದಂತೆಯೇ ಆತನಿಗೆ ಒಪ್ಪಿಸಿಕೊಂಡರು. ಶಾಸ್ತ್ರಜ್ಞಾನಕ್ಕೂ ಅನುಭಾವಕ್ಕೂ ಇರುವ ಭೇದವನ್ನು ಶರಣರಿಂದಲೂ ದಾಸರಿಂದಲೂ ಕೇಳಿ ಬೆಳೆದ ಕನ್ನಡಿಗರಿಗೆ ಈ ಮಾತು ಅಪರಿಚಿತವಲ್ಲ.

ಆ ಅನುಭವಕ್ಕೆ ಬೆಲೆಯನ್ನೂ ತೆರಬೇಕಾಯಿತು. ಸದನದ ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಸೇರುತ್ತಾರೆಂಬ ಸುದ್ದಿಯಿಂದ 1893ರಲ್ಲಿ ಪುಣೆ ಕೆರಳಿತು. ರಾನಡೆ, ಭಂಡಾರ್ಕರರಂಥ ಹಿತೈಷಿಗಳೂ ಸಲಹಾ ಮಂಡಳಿಯನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದೊಯ್ದರು. ವಿಧವೆಯರ ವಿದ್ಯೆಗೆಂದು ನಂಬಿ ನೆರವಿತ್ತವರ ಆತಂಕವನ್ನು ಅಲ್ಲಗಳೆಯುವಂತಿಲ್ಲ. ತಮ್ಮ ಪ್ರಾರ್ಥನೆಯ ಕೋಣೆಗೆ ಬಾಗಿಲು ಹಾಕಲಾರೆನೆಂಬ ರಮಾಬಾಯಿಯವರ ನಿಲುವನ್ನೂ ಅರಿಯದಿರಲಾಗದು.

1896ರ ಕ್ಷಾಮವು ಅವರಿಗೆ ತಮ್ಮ ಬಾಲ್ಯವನ್ನೇ ನೆನಪಿಸಿತು. ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿಸದನ ಬೆಳೆಯಿತು. ಹೊಲ, ಮಗ್ಗ, ಮುದ್ರಣಾಲಯ—ಎಲ್ಲೆಡೆಯೂ ಹೆಣ್ಣುಮಕ್ಕಳ ದುಡಿಮೆ. ಕನ್ನಡನಾಡಿನ ಗುಲಬರ್ಗಾದಲ್ಲಿಯೂ 1912ರಲ್ಲಿ ಮಗಳ ನೆರವಿನಿಂದ ಶಾಲೆಯೊಂದು ತಲೆಯೆತ್ತಿತು. ಸಾಮಾನ್ಯ ಹೆಂಗಸರೂ ದೇವರ ಮಾತನ್ನು ನೇರವಾಗಿ ಓದಲೆಂದು ಹೀಬ್ರೂ, ಗ್ರೀಕ್ ಕಲಿತು, ಬೈಬಲನ್ನು ಸರಳ ಮರಾಠಿಗೆ ತಂದರು. 1921ರಲ್ಲಿ ಮನೋರಮೆ ತೀರಿಕೊಂಡ ಬಳಿಕವೂ ಆ ಕೆಲಸ ನಿಲ್ಲಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.

ಅನಂತಶಾಸ್ತ್ರಿಗಳು ಮಗಳನ್ನು ಒಪ್ಪಿಸಿದ್ದು ತಾವು ಅರಿತ ದೇವರಿಗೆ. ಮಗಳು ಕಂಡುಕೊಂಡದ್ದು ತಂದೆ ಎಣಿಸದ ಹಾದಿಯಲ್ಲಿ. ಆದರೂ ಹಿರಿಯ ವಯಸ್ಸಿನಲ್ಲಿ ತಮ್ಮ ಜೀವನವನ್ನು ಬರೆಯುವಾಗ ಆ ಕೊನೆಯ ಮಾತನ್ನು ರಮಾಬಾಯಿಯವರು ಮರೆತಿರಲಿಲ್ಲ. ತಂದೆ ಕೊಟ್ಟ ಆಜ್ಞೆಯನ್ನು ನಡೆಸುತ್ತಿದ್ದೇನೆಂಬ ನೆಮ್ಮದಿ ಅವರಿಗಿತ್ತು.