30ಕ್ಕೆ 50 ಕೂಡಿದರೆ 70

ನಾನು ಕಾಮರ್ಸ್ ವಿದ್ಯಾರ್ಥಿ. ಬ್ಯಾಲೆನ್ಸ್ ಶೀಟಿನ ಎರಡೂ ಕಡೆ ಹೊಂದದಿದ್ದರೆ ನನಗೆ ನಿದ್ದೆ ಬಾರದು. ಒಂದು ಸಂಜೆ ನಮ್ಮ ಆಪಾ ಬಯಾಲಜಿ ಪಾಠ ಗಟ್ಟಿಯಾಗಿ ಓದುತ್ತಿದ್ದರು. ಬ್ಯಾಕ್ಟೀರಿಯಾದ ರೈಬೋಸೋಮ್ 70ಎಸ್, ಅದರ ಉಪಘಟಕಗಳು 50ಎಸ್ ಮತ್ತು 30ಎಸ್ ಅಂತೆ. ಹಾಗಾದರೆ 80 ಆಗಬೇಕಲ್ಲ, ಉಳಿದ 10 ಎಲ್ಲಿ ಹೋಯಿತು ಎಂದು ಕೇಳಿದೆ. ಪುಸ್ತಕದಲ್ಲಿ ಹಾಗೇ ಇದೆ ಎಂದುಬಿಟ್ಟರು. ಆ 10ನ್ನು ಹುಡುಕಲು ಹೋದಾಗ ಸಿಕ್ಕವರು ಥಿಯೊಡೋರ್ ಸ್ವೆಡ್‌ಬರ್ಗ್. ಎಸ್ ಎಂಬುದು ಅವರ ಹೆಸರಿನ ಮೊದಲಕ್ಷರ.

ಅವರು 1884ರಲ್ಲಿ ಸ್ವೀಡನ್ನಿನ ಯೆವ್ಲೆ ಪಟ್ಟಣದ ಬಳಿ ಹುಟ್ಟಿದರು. ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಓದಿ, 1912ರಲ್ಲಿ ಅಲ್ಲೇ ಪ್ರಾಧ್ಯಾಪಕರಾದರು. ಕೆಸರು ನೀರನ್ನು ಬಿಂದಿಗೆಯಲ್ಲಿಟ್ಟರೆ ಮಣ್ಣು ತಾನಾಗಿ ತಳಕ್ಕೆ ಕೂರುತ್ತದೆ. ಪ್ರೋಟೀನ್ ಅಷ್ಟು ಸುಲಭಕ್ಕೆ ಕೂರುವುದಿಲ್ಲ, ಅದಕ್ಕೆ ಭೂಮಿಯ ಸೆಳೆತಕ್ಕಿಂತ ಸಾವಿರಾರು ಪಟ್ಟು ಬಲ ಬೇಕು. ಇದಕ್ಕಾಗಿ 1924ರಲ್ಲಿ ಹರ್ಮನ್ ರಿಂಡೆ ಜೊತೆ ಅಲ್ಟ್ರಾಸೆಂಟ್ರಿಫ್ಯೂಜ್ ಎಂಬ ಯಂತ್ರ ಕಟ್ಟಿದರು. ಅದು ತಿರುಗುತ್ತಿರುವಾಗಲೇ ಕಣಗಳು ಇಳಿಯುವುದರ ಫೋಟೋ ತೆಗೆಯಬಹುದಿತ್ತು. ವೇಗ ಹೆಚ್ಚಿಸುತ್ತಾ ಹೋದಾಗ ರೋಟರ್‌ಗಳು ಸಿಡಿದದ್ದೂ ಉಂಟು, ಆದರೂ ಬಿಡಲಿಲ್ಲ. ಪ್ರೋಟೀನ್ ಎಂದರೆ ಗಾತ್ರ ಗೊತ್ತಿಲ್ಲದ ಗುಂಪು ಎಂದು ಆಗ ಹಲವರು ನಂಬಿದ್ದರು. ಹಿಮೋಗ್ಲೋಬಿನ್‌ಗೆ ಖಚಿತ ತೂಕವಿದೆ, ಅದು ಸುಮಾರು 68,000 ಎಂದು ಇವರು ತೋರಿಸಿದರು. 1926ರಲ್ಲಿ ನೊಬೆಲ್ ಬಂತು.

ಎಲ್ಲ ಪ್ರೋಟೀನುಗಳ ತೂಕವೂ ಒಂದೇ ಸಂಖ್ಯೆಯ ಗುಣಕಗಳು ಎಂದೂ ಅವರು ಹೇಳಿದ್ದರು. ಅದು ತಪ್ಪಾಯಿತು. ಲೆಕ್ಕ ಚೆಂದವಾಗಿ ಕೂತರೆ ಸರಿಯೇ ಇರಬೇಕು ಎಂದು ನನಗೂ ಅನಿಸುತ್ತದೆ, ಹಾಗಾಗಿ ಅವರ ಮೇಲೆ ನನಗೆ ಸಿಟ್ಟಿಲ್ಲ.

ಈಗ ನನ್ನ 10ರ ವಿಷಯ. ಎಸ್ ತೂಕವಲ್ಲ, ಕಣ ಎಷ್ಟು ಬೇಗ ಇಳಿಯುತ್ತದೆ ಎಂಬುದರ ಅಳತೆ. ಇಬ್ಬರು ಕೈಹಿಡಿದು ಓಡಿದರೆ ಇಬ್ಬರ ವೇಗ ಕೂಡುವುದಿಲ್ಲವಲ್ಲ! ಎರಡು ಉಪಘಟಕ ಸೇರಿದಾಗ ತೂಕವೇನೋ ಕೂಡುತ್ತದೆ, ಆದರೆ ನೀರಿನ ತಡೆಯೂ ಹೆಚ್ಚುತ್ತದೆ.

1950ರ ದಶಕದ ಕೊನೆಗೆ ಬೇರೆ ವಿಜ್ಞಾನಿಗಳು ಅದೇ ಬಗೆಯ ಯಂತ್ರದಲ್ಲಿ ರೈಬೋಸೋಮನ್ನು ತಿರುಗಿಸಿದರು. ದ್ರಾವಣದಲ್ಲಿ ಮೆಗ್ನೀಸಿಯಂ ಕಡಿಮೆ ಮಾಡಿದರೆ ಎರಡೂ ಭಾಗ ಬಿಟ್ಟುಕೊಳ್ಳುತ್ತವೆ, ಹೆಚ್ಚಿಸಿದರೆ ಮತ್ತೆ ಕೂಡುತ್ತವೆ. ಸಕ್ಕರೆ ದ್ರಾವಣದ ನಳಿಕೆಯಲ್ಲಿ ಚಿಕ್ಕದು ಮೇಲೆ, ದೊಡ್ಡದು ಕೆಳಗೆ ನಿಲ್ಲುತ್ತದೆ. ಬೇರೆ ಮಾಡಿದ್ದರಿಂದಲೇ ಯಾವುದರ ಕೆಲಸ ಯಾವುದು ಎಂದು ತಿಳಿಯಿತು. ಚಿಕ್ಕದು ಸಂದೇಶ ಓದುತ್ತದೆ, ದೊಡ್ಡದು ಅಮೈನೋ ಆಮ್ಲಗಳನ್ನು ಪೋಣಿಸುತ್ತದೆ. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಹಿಡಿಯುವುದು ಆ ಚಿಕ್ಕದನ್ನೇ.

ಸ್ವೆಡ್‌ಬರ್ಗ್ 1971ರಲ್ಲಿ ತೀರಿಕೊಂಡರು. ಇದನ್ನೆಲ್ಲ ಆಪಾಗೆ ಹೇಳಿದಾಗ, ನಮ್ಮ ಜೀವಕೋಶದ್ದು 80ಎಸ್, ಅದರಲ್ಲಿ 60 ಮತ್ತು 40 ಇದೆ ಎಂದರು. ಈ ಸಲ ನಾನು ಕೂಡಲು ಹೋಗಲಿಲ್ಲ.