ದೀಪ ಹಿಡಿದವಳು, ಮನೆಯ ಮಗಳು



ತ್ರಾಸಿ, ಗಂಗೊಳ್ಳಿ, ಬೈಂದೂರು ಕಡೆಯ ನಮ್ಮ ಕುಟುಂಬಗಳಿಗೆ ನರ್ಸಿಂಗ್ ಕಲಿತು ದೂರ ಹೋದ ಹೆಣ್ಣುಮಕ್ಕಳು ಹೊಸಬರಲ್ಲ. ಕೆಲವರು ಮಂಗಳೂರು, ಬೆಂಗಳೂರಿನಲ್ಲಿ, ಕೆಲವರು ಕೊಲ್ಲಿ ದೇಶಗಳಲ್ಲಿ, ಒಬ್ಬಿಬ್ಬರು ಸೈನ್ಯದ ಆಸ್ಪತ್ರೆಗಳಲ್ಲಿ. ಮಗಳು ಹೊರಡುವಾಗ ಮನೆಯಲ್ಲಿ ಹೆಮ್ಮೆ. ಆದರೆ ತಾಯಿಯ ಕಣ್ಣು ಮಂಜಾದಾಗ, ತಂದೆ ಜಾರಿ ಬಿದ್ದಾಗ, ಯಾರೂ ಗಟ್ಟಿಯಾಗಿ ಕೇಳದ ಒಂದು ಪ್ರಶ್ನೆ ಮನೆಯೊಳಗೆ ಸುಳಿದಾಡುತ್ತದೆ. ಊರವರ ರೋಗಿಗಳನ್ನೆಲ್ಲ ನೋಡುವವಳು ನಮ್ಮನ್ನು ನೋಡುವುದು ಯಾವಾಗ?

ಈ ಪ್ರಶ್ನೆ ಫ್ಲಾರೆನ್ಸ್ ನೈಟಿಂಗೇಲರನ್ನೂ ಜೀವನವಿಡೀ ಬಿಡಲಿಲ್ಲ. ನೀವು ಶಾಲೆಯಲ್ಲಿ ಓದಿದ್ದು ದೀಪ ಹಿಡಿದು ಗಾಯಾಳುಗಳ ನಡುವೆ ನಡೆದ ಮಹಿಳೆಯ ಕಥೆ. ಆ ಯುದ್ಧದ ಸೇವೆ ಎರಡು ವರ್ಷವೂ ತುಂಬಲಿಲ್ಲ. ಆಕೆ ಬದುಕಿದ್ದು 90 ವರ್ಷ. ಉಳಿದ ವರ್ಷಗಳಲ್ಲಿ ಆಕೆಯ ಮನೆಯವರ ಪಾಲು ಎಷ್ಟಿತ್ತೆಂಬುದು ನಮ್ಮ ಪಠ್ಯಪುಸ್ತಕಗಳಿಗೆ ಬೇಡವಾಯಿತು.

ಆಕೆ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹೆಸರು ಬಂದದ್ದು ಆ ಊರಿನಿಂದಲೇ. ಒಂದು ವರ್ಷ ದೊಡ್ಡವಳಾದ ಅಕ್ಕ ಪಾರ್ಥಿನೋಪ್. ತಂದೆ ವಿಲಿಯಂ ಸ್ಥಿತಿವಂತರು, ಓದುವ ಹುಚ್ಚಿನವರು; ಇಬ್ಬರು ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್, ತತ್ವಶಾಸ್ತ್ರಗಳನ್ನು ತಾವೇ ಕಲಿಸಿದರು. ತಾಯಿ ಫ್ಯಾನಿಗೆ ಅತಿಥಿಗಳು, ಔತಣ, ಒಳ್ಳೆಯ ಸಂಬಂಧ, ಇವೇ ಮುಖ್ಯ. 1837ರ ಫೆಬ್ರವರಿಯಲ್ಲಿ, ಇನ್ನೂ 17 ತುಂಬದ ಫ್ಲಾರೆನ್ಸಳಿಗೆ ದೇವರು ತನ್ನನ್ನು ಸೇವೆಗೆ ಕರೆದರೆಂಬ ದೃಢ ಅರಿವಾಯಿತು. ಎಂತಹ ಸೇವೆ ಎಂಬುದು ಮಾತ್ರ ತಿಳಿಯಲಿಲ್ಲ. ಅದು ರೋಗಿಗಳ ಸೇವೆ ಎಂದು ಸ್ಪಷ್ಟವಾಗಲು ವರ್ಷಗಳೇ ಬೇಕಾದವು.

1845ರಲ್ಲಿ ಹತ್ತಿರದ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯುತ್ತೇನೆಂದಾಗ ಮನೆಯಲ್ಲಿ ಕೋಲಾಹಲ. ಅಂದಿನ ಇಂಗ್ಲೆಂಡಿನಲ್ಲಿ ನರ್ಸ್ ಎಂದರೆ ಓದುಬರಹವಿಲ್ಲದವಳು, ಕುಡಿಯುವವಳು ಎಂಬ ಭಾವನೆ. ದೊಡ್ಡ ಮನೆತನದ ಮಗಳಿಗೆ ಅದು ಸಲ್ಲದು ಎಂದು ತಾಯಿ ಹಟ ಹಿಡಿದರು. ತಾಯಿಯನ್ನು ಬೈಯುವುದು ಸುಲಭ. ಆದರೆ ಮಗಳ ಮಾನಕ್ಕೆ ಹೆದರುವ ತಾಯಂದಿರು ಇಂಗ್ಲೆಂಡಿನಲ್ಲಿ ಮಾತ್ರ ಇದ್ದರೇ? ಯಾರನ್ನು ಎಷ್ಟು ಪ್ರೀತಿಸಬೇಕು, ಯಾವ ಕ್ರಮದಲ್ಲಿ ಪ್ರೀತಿಸಬೇಕು ಎಂದು ವಿವರವಾಗಿ ಬರೆದ ಸಂತ ಥಾಮಸ್ ಅಕ್ವಿನಾಸರನ್ನು ಕೂಡ, ದೊಮಿನಿಕನ್ ಸಭೆ ಸೇರದಂತೆ ಅವರ ಮನೆಯವರೇ ಸುಮಾರು ಒಂದು ವರ್ಷ ಕೂಡಿಹಾಕಿದ್ದರು!

ನಮಗೆ ಕಥೋಲಿಕರಿಗೆ ಗೊತ್ತಿರಬೇಕಾದ ಒಂದು ಸಂಗತಿಯಿದೆ. 1847-48ರ ಚಳಿಗಾಲದಲ್ಲಿ ಫ್ಲಾರೆನ್ಸ್ ರೋಮ್‌ನಲ್ಲಿದ್ದಾಗ ತ್ರಿನಿತಾ ದೇಯ್ ಮೊಂತಿ ಕಾನ್ವೆಂಟಿನ ಧರ್ಮಭಗಿನಿ ಸಾಂತಾ ಕೊಲಂಬಾರ ಪರಿಚಯವಾಯಿತು. ಅಲ್ಲಿ ಕೆಲವು ದಿನ ಏಕಾಂತ ಧ್ಯಾನವನ್ನೂ ಮಾಡಿದಳು. ಕಥೋಲಿಕಳಾಗುವ ಯೋಚನೆಯೂ ಆಕೆಗೆ ಬಂದಿತ್ತು. ಆದರೆ ಕೊನೆಯವರೆಗೂ ಆಂಗ್ಲಿಕನ್ ಸಭೆಯಲ್ಲೇ ಉಳಿದಳು. ರೋಗಿಗಳ ಸೇವೆಯನ್ನು ಹೆಂಗಸರು ಪೂಜ್ಯ ಕೆಲಸವಾಗಿ ಮಾಡಬಲ್ಲರೆಂದು ಕಂಡದ್ದು ಮಾತ್ರ ಕನ್ಯಾಸ್ತ್ರೀಯರಲ್ಲಿ, ಮತ್ತು 1851ರಲ್ಲಿ ಮೂರು ತಿಂಗಳು ತರಬೇತಿ ಪಡೆದ ಜರ್ಮನಿಯ ಕೈಸರ್ಸ್‌ವರ್ತ್‌ನ ಪ್ರೊಟೆಸ್ಟೆಂಟ್ ಸೇವಕಿಯರಲ್ಲಿ.

ಕೊನೆಗೆ ಬಾಗಿಲು ತೆರೆದವರು ತಂದೆ. 1853ರಲ್ಲಿ ವರ್ಷಕ್ಕೆ 500 ಪೌಂಡ್ ಗೊತ್ತುಮಾಡಿ ಮಗಳನ್ನು ಕಳುಹಿಸಿಕೊಟ್ಟರು. ಲಂಡನ್ನಿನ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಸಿಕ್ಕಿತು. ಕಥೋಲಿಕ ರೋಗಿಗಳನ್ನೂ ಯೆಹೂದಿಗಳನ್ನೂ ಸೇರಿಸಿಕೊಳ್ಳಲೇಬೇಕೆಂದು ಆಕೆ ಅಲ್ಲಿನ ಸಮಿತಿಯೊಡನೆ ವಾದಿಸಿ ಗೆದ್ದಳು.

ಮುಂದಿನ ವರ್ಷ ಕ್ರಿಮಿಯಾ ಯುದ್ಧ. 1854ರ ಅಕ್ಟೋಬರ್ 21ರಂದು 38 ಮಂದಿ ನರ್ಸುಗಳೊಡನೆ ತುರ್ಕಿಗೆ ಹೊರಟಳು. ಅವರಲ್ಲಿ 10 ಮಂದಿ ಕಥೋಲಿಕ ಕನ್ಯಾಸ್ತ್ರೀಯರು. ಲಂಡನ್ನಿನ ಬರ್ಮಂಡ್ಸೆ ಮಠದ ಮದರ್ ಕ್ಲೇರ್ ಮೂರ್ ಆಕೆಯ ಬಲಗೈಯಾದರು. ಆ ಸ್ನೇಹ ಮದರ್ 1874ರಲ್ಲಿ ತೀರಿಕೊಳ್ಳುವವರೆಗೂ ಬಾಡಲಿಲ್ಲ. ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ಗಾಯಕ್ಕಿಂತ ಭೇದಿ, ಜ್ವರಗಳಿಂದ ಸತ್ತವರೇ ಹೆಚ್ಚು. 1855ರ ಮಾರ್ಚ್‌ನಲ್ಲಿ ಸರಕಾರದ ನೈರ್ಮಲ್ಯ ಆಯೋಗ ಬಂದು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಸಿದ ಮೇಲೆಯೇ ಸಾವು ಇಳಿಯಿತು. ಬರಿಯ ದೀಪ, ಬರಿಯ ಮಮತೆ ಸಾಲದು, ಚರಂಡಿಯೂ ಶುದ್ಧವಾಗಿರಬೇಕು ಎಂಬುದನ್ನು ಆಕೆ ಲೆಕ್ಕಗಳಿಂದ ಅರಿತಳು.

ಇತ್ತ ಮನೆಯಲ್ಲಿ ಏನಾಯಿತು ನೋಡಿ. ವಿರೋಧಿಸಿದ್ದ ತಾಯಿ, ಅಕ್ಕ ಇಬ್ಬರೂ ಈಗ ಅವಳ ಹೆಸರಿಗೆ ಬರುತ್ತಿದ್ದ ರಾಶಿ ಪತ್ರಗಳಿಗೆ ಉತ್ತರ ಬರೆಯುವವರಾದರು. ಫ್ಲಾರೆನ್ಸ್ ಸಾಕಿದ್ದ ಅಥೀನಾ ಎಂಬ ಪುಟ್ಟ ಗೂಬೆ ಆಕೆ ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಸತ್ತುಹೋಗಿತ್ತು. ತಂಗಿ ಜ್ವರದಲ್ಲಿ ಮಲಗಿದ್ದಾಳೆಂದು ಕೇಳಿ ಪಾರ್ಥಿನೋಪ್ ಆ ಗೂಬೆಯ ಕಥೆಯನ್ನು ಚಿತ್ರ ಬರೆದು ಪುಸ್ತಕ ಮಾಡಿ ಕಳುಹಿಸಿದಳು. ಜಗಳವಾಡುವ ಅಕ್ಕತಂಗಿಯರ ಪ್ರೀತಿ ಹೀಗೆಯೇ ಅಡ್ಡದಾರಿಯಲ್ಲಿ ಬರುತ್ತದೆ.

1856ರ ಆಗಸ್ಟ್‌ನಲ್ಲಿ ದೇಶ ಮೆರವಣಿಗೆಗೆ ಕಾದಿತ್ತು. ಆಕೆ ಬೇರೆ ಹೆಸರಿನಲ್ಲಿ ಗುಟ್ಟಾಗಿ ಬಂದು, ಮೊದಲು ಬರ್ಮಂಡ್ಸೆಯ ಕನ್ಯಾಸ್ತ್ರೀಯರ ಬಳಿ ಹೋಗಿ, ಬಳಿಕ ರೈಲು ಹತ್ತಿ, ನಿಲ್ದಾಣದಿಂದ ಒಬ್ಬಳೇ ನಡೆದು ಲೀ ಹರ್ಸ್ಟ್‌ನ ತಂದೆಯ ಮನೆ ಸೇರಿದಳು.

ಯುದ್ಧದಲ್ಲಿ ಅಂಟಿದ ಕಾಯಿಲೆ ಆಕೆಯನ್ನು ವರ್ಷಗಟ್ಟಲೆ ಹಾಸಿಗೆಗೆ ಕಟ್ಟಿಹಾಕಿತು. ಅಲ್ಲಿಂದಲೇ 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ನಾಂದಿ ಹಾಕಿದಳು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದುದನ್ನು 1863ರ ರಾಜ ಆಯೋಗದ ಮೂಲಕ ಬಯಲಿಗೆ ತಂದಳು. ಭಾರತದ ನೆಲವನ್ನು ಮಾತ್ರ ಒಮ್ಮೆಯೂ ತುಳಿಯಲಿಲ್ಲ. ಇಲ್ಲಿನ ಸೈನಿಕ ಆಸ್ಪತ್ರೆಗಳಿಗೆ ತರಬೇತಾದ ಮೊದಲ 10 ಮಂದಿ ನರ್ಸುಗಳು ಮುಂಬಯಿಯಲ್ಲಿ ಇಳಿದದ್ದು 1888ರಲ್ಲಿ. ನಮ್ಮ ಮಿಲಿಟರಿ ನರ್ಸಿಂಗ್ ಸೇವೆಯ ಮೂಲ ಅದೇ.

ಆಕೆಯನ್ನು ಸಂತಳನ್ನಾಗಿ ಮಾಡುವ ಆತುರ ನಮಗೆ ಬೇಡ. ಸೋದರತ್ತೆ ಮೇ ಎಂಬವಳಿದ್ದಳು: ತಂದೆಯ ತಂಗಿ, ತಾಯಿಯ ತಮ್ಮನ ಹೆಂಡತಿ. ನಮ್ಮ ಕಡೆಯ ಹಾಗೆ ಎರಡು ಕಡೆಯ ನಂಟು. ಈ ಅತ್ತೆ ಗಂಡ ಮಕ್ಕಳನ್ನು ಬಿಟ್ಟು ಸ್ಕುಟಾರಿಗೂ ಹೋದಳು, ಆಮೇಲೆ ಸೊಸೆಯ ಹಾಸಿಗೆಯ ಬಳಿಯೂ ಇದ್ದಳು. ಸ್ವಂತ ಮನೆಯವರು ಕರೆದರೆಂದು 1860ರಲ್ಲಿ ಹಿಂದಿರುಗಿದಾಗ ಫ್ಲಾರೆನ್ಸ್ ಅದನ್ನು ದ್ರೋಹವೆಂದೇ ಬಗೆದು ಸುಮಾರು 20 ವರ್ಷ ದೂರವಿಟ್ಟಳು. ಮನೆಯವರ ಹಿಡಿತದಲ್ಲಿ ಬೆಂದವಳೇ ಇನ್ನೊಬ್ಬಳನ್ನು ಅವಳ ಮನೆಗೆ ಬಿಟ್ಟುಕೊಡಲಾರದೆ ಹೋದಳು.

1874ರ ಜನವರಿಯಲ್ಲಿ ತಂದೆ ಮೆಟ್ಟಿಲಲ್ಲಿ ಜಾರಿ ತೀರಿಕೊಂಡರು. ಗಂಡುಮಕ್ಕಳಿಲ್ಲದ್ದರಿಂದ ಹಳೆಯ ಉಯಿಲಿನಂತೆ ಮನೆ, ಆಸ್ತಿ ಎಲ್ಲ ಸೇರಿದ್ದು ಅದೇ ಮೇ ಅತ್ತೆಗೆ! 80 ದಾಟಿದ ಫ್ಯಾನಿ ಎಂಬ್ಲಿಯ ಮನೆ ಬಿಡಬೇಕಾಯಿತು. ದೃಷ್ಟಿ ಕುಂದಿತ್ತು, ನೆನಪು ಮಸುಕಾಗಿತ್ತು. ಅಕ್ಕನಿಗೆ ಆಗಲೇ ಮದುವೆಯಾಗಿತ್ತು, ಸಂಧಿವಾತವೂ ಹಿಡಿದಿತ್ತು. ಉಳಿದವಳು ಯಾರು? ಹಾಸಿಗೆ ಹಿಡಿದಿದ್ದ 53ರ ಮಗಳು. ಚಳಿಗಾಲದಲ್ಲಿ ತಾಯಿ ಮೇ ಅತ್ತೆಯ ಮಗನ ಮನೆಯಲ್ಲಿ. ಬೇಸಿಗೆಯ ತಿಂಗಳುಗಳಲ್ಲಿ ಫ್ಲಾರೆನ್ಸ್ ಆಕೆಯನ್ನು ಲೀ ಹರ್ಸ್ಟ್‌ಗೆ ಕರೆತಂದು ಜೊತೆಗಿರುತ್ತಿದ್ದಳು. ಆರು ವರ್ಷ ಹೀಗೆ. ಅವು ಮೈಸೂರು, ಮದರಾಸು ಸೀಮೆಗಳನ್ನು ಸುಟ್ಟ 1876-78ರ ಭೀಕರ ಬರದ ವರ್ಷಗಳೂ ಹೌದು. ನಮ್ಮ ರೈತರಿಗೆ ನೀರಾವರಿ ಬೇಕೆಂದು ವಾದಿಸಿ ಬರೆಯುವ ಕೆಲಸವೂ ಇದರ ನಡುವೆಯೇ ನಡೆಯಿತು. ಈ ಸೇವೆ ಸಿಹಿಯಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಕೆಲಸ ಕೆಡುತ್ತದೆಂಬ ಕಳವಳ, ದಣಿವು, ಸಿಡುಕು ಎಲ್ಲವೂ ಇದ್ದವು. ಆದರೂ ತಾಯಿಯನ್ನು ಬಿಡಲಿಲ್ಲ. 1880ರಲ್ಲಿ, ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡತೊಡಗಿದ ವರ್ಷವೇ, ಫ್ಯಾನಿ ಕಣ್ಣುಮುಚ್ಚಿದರು. ಮೇ ಅತ್ತೆಯೊಡನೆ ರಾಜಿಯಾದದ್ದೂ ಆ ಸುಮಾರಿಗೆ.

ಆಮೇಲೆ ಅಕ್ಕನ ಸರದಿ. ಸಂಧಿವಾತದಿಂದ ಕೈಕಾಲು ಬಿಗಿದುಹೋದ ಪಾರ್ಥಿನೋಪ್‌ಳ ಮನೆಗೆ ಫ್ಲಾರೆನ್ಸ್ ಹೋಗಿ ಇರುತ್ತಿದ್ದಳು. ಒಂದು ಕಾಲಕ್ಕೆ ತಂಗಿ ಮನೆ ಬಿಡುತ್ತಾಳೆಂದು ಬಿದ್ದು ಹೊರಳಾಡಿದ್ದ ಅಕ್ಕ ತೀರಿಕೊಂಡದ್ದು 1890ರ ಮೇ 12ರಂದು, ತಂಗಿಗೆ 70 ತುಂಬಿದ ದಿನ.

ಕೊನೆಯ ವರ್ಷಗಳಲ್ಲಿ ಆಕೆಯ ಕಣ್ಣೂ ಹೋಯಿತು. 1907ರಲ್ಲಿ ದೊರೆ ಆರ್ಡರ್ ಆಫ್ ಮೆರಿಟ್ ಕೊಟ್ಟಾಗ, ಆ ಗೌರವ ಪಡೆದ ಮೊದಲ ಮಹಿಳೆ ಅದನ್ನು ಪೂರ್ತಿ ಅರಿಯುವ ಸ್ಥಿತಿಯಲ್ಲಿರಲಿಲ್ಲ. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿದ್ದೆಯಲ್ಲೇ ತೀರಿಕೊಂಡಳು. ರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಜಾಗ ಕೊಡಲು ಸರಕಾರ ಮುಂದೆ ಬಂತು. ಮನೆಯವರು ಆಕೆಯ ಇಚ್ಛೆಯಂತೆ ಬೇಡವೆಂದರು. ಸೈನ್ಯದ ಆರು ಮಂದಿ ಸಾರ್ಜೆಂಟರು ಶವಪೆಟ್ಟಿಗೆಯನ್ನು ಹೊತ್ತು, ಎಂಬ್ಲಿಯ ಬಳಿಯ ಈಸ್ಟ್ ವೆಲ್ಲೋ ಇಗರ್ಜಿಯ ಅಂಗಳದಲ್ಲಿ ತಂದೆತಾಯಿಯರ ಬಳಿ ಇಳಿಸಿದರು. ಅವರದೇ ಸಮಾಧಿಗಲ್ಲಿನ ಒಂದು ಬದಿಯಲ್ಲಿ ಆಕೆಯ ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ದಿನ, ತೀರಿದ ದಿನ, ಅಷ್ಟನ್ನೇ ಕೆತ್ತಿದ್ದಾರೆ.